ಅಕ್ಕನ ಅಳತೆಗೆ ಒಂದು ಗೂಡು

ಮನೆ ನೋಡಲು ಬಂದವರು ಕಾಫಿ ಲೋಟ ಕೆಳಗಿಟ್ಟ ಮೇಲೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಇಂಟೀರಿಯರ್ ಡಿಸೈನರ್ ಹತ್ರ ಮಾಡ್ಸಿದ್ರಂತಲ್ಲ ಆಂಟಿ, ಹೆಂಗಿರುತ್ತೆ ಅವರ ಕೆಲಸ? ನಾವೂ ಮಾಡ್ಸೋಣ ಅಂತಿದೀವಿ."

ನಾನು ಉಪಯೋಗಕ್ಕೆ ಬರುವಷ್ಟನ್ನು ಹೇಳುತ್ತೇನೆ. ಹೇಳಿದ ತಿಂಗಳಿಗೆ ಕೆಲಸ ಮುಗಿಯುವುದಿಲ್ಲ, ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದಿರಬೇಕು. ಧೂಳು ಮುಚ್ಚಳ ಹಾಕಿದ ಅಕ್ಕಿ ಡಬ್ಬದೊಳಕ್ಕೂ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ತೋರಿಸುವ ಮನೆಯಲ್ಲಿ ಯಾವಾಗಲೂ ಬಿಸಿಲಿರುತ್ತದೆ, ನಮ್ಮ ಕಡೆ ಇರುವುದಿಲ್ಲ. ಬಣ್ಣ ಆರಿಸುವಾಗ ಅದು ನೆನಪಿರಲಿ. ಡ್ರಾಯಿಂಗಿಗೆ ಸೈನ್ ಹಾಕುವ ಮುಂಚೆ ಮನೆಯವರೆಲ್ಲ ಒಟ್ಟಿಗೆ ಕೂತು ಬಾಯಿಬಿಟ್ಟು ಮಾತಾಡಿ. ಈ ಕೊನೆಯದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರ ಕಣ್ಣು ಹಾಲ್‌ನ ಒಳಗೋಡೆಯ ಕಡೆಗೆ ಹೋಗುತ್ತದೆ. ಬೇರೆಯವರಾದರೆ "ವಾವ್, ಎಷ್ಟು ಚೆನ್ನಾಗಿದೆ" ಎನ್ನುತ್ತಾರೆ. ನಮ್ಮ ಪೈಕಿಯವರಾದರೆ ಸೆರಗು ಸರಿಮಾಡಿಕೊಂಡು, ಹೊತ್ತಾಯಿತು ಎಂದು ಎದ್ದು ನಿಲ್ಲುತ್ತಾರೆ.

ನನ್ನ ಗಂಡ ಎಸ್ಟೇಟ್ ಮ್ಯಾನೇಜರ್ ಆಗಿದ್ದವರು. ನಾವು ಬದುಕಿದ್ದೆಲ್ಲ ಕಂಪನಿಯ ಬಂಗಲೆಗಳಲ್ಲಿ. ಅಲ್ಲಿನ ಕುರ್ಚಿಗಳ ಕೆಳಗೂ ಬಿಳಿ ಪೇಂಟಿನಲ್ಲಿ ನಂಬರ್ ಬರೆದಿರುತ್ತಿತ್ತು. ಅವರು ಹೋದ ಮೇಲೆ, ದೋಣಿಗಲ್ಲಿನ ಮೇಲಿನ ಏರಿನಲ್ಲಿ ಯಾರೋ ಅರ್ಧ ಕಟ್ಟಿ ಕೈಬಿಟ್ಟಿದ್ದ ಮನೆಯೊಂದನ್ನು ಕೊಂಡೆ. ಗೋಡೆ, ಸೂರು, ಕಿಟಕಿಯ ತೂತುಗಳು, ಅಷ್ಟೆ. ಕೆಳಗೆ ಹೆದ್ದಾರಿಯ ಲಾರಿಗಳು. ಅದಕ್ಕೂ ಕೆಳಗೆ, ಮರಗಳ ನಡುವೆ, ಎಡಕುಮೇರಿಯ ಕಡೆಗೆ ಇಳಿಯುವ ರೈಲು. ಮಂಜು ಕವಿದ ದಿನ ಎರಡೂ ಕಾಣುವುದಿಲ್ಲ. ಸದ್ದು ಮಾತ್ರ ನೆಲದೊಳಗಿನಿಂದ ಎದ್ದ ಹಾಗೆ ಬರುತ್ತದೆ.

ಟು ಬಿ ಆನೆಸ್ಟ್, ಆ ಮನೆ ಕೊಂಡದ್ದೇ ಅಕ್ಕನಿಗಾಗಿ. ಅಕ್ಕ ನನಗಿಂತ ಸ್ವಲ್ಪವೇ ದೊಡ್ಡವಳು. ನನ್ನನ್ನು ಹಾಸನದ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದರು. ಅವಳನ್ನು ಮದುವೆ ಮಾಡಿ ಕೊಟ್ಟರು. ನಾನು ಸಿಸ್ಟರ್‌ಗಳ ಹತ್ತಿರ ಫೋರ್ಕ್ ಹಿಡಿಯುವುದು ಕಲಿಯುತ್ತಿದ್ದ ಕಾಲಕ್ಕೆ ಅವಳು ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಆಲೂರಿನ ಕಡೆಯ ನಮ್ಮ ತಮ್ಮನ ಮನೆಗೆ ವಾಪಸಾಗಿದ್ದಳು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಹೆರಿಗೆಯೋ ಆಪರೇಷನ್ನೋ ಆಗುತ್ತದೋ ಅಲ್ಲಿ ಅಕ್ಕ. ಮೆಣಸಿನ ಮೂಟೆಗಳ ಪಕ್ಕದಲ್ಲಿ, ಅಡಿಗೆಮನೆಯ ಬಾಗಿಲ ಹಿಂದೆ, ಮಕ್ಕಳ ಮಂಚದ ಕೆಳಗೆ ಹಾಸಿಗೆ. ಅವಳು ಕೂತ ಜಾಗದಲ್ಲೆಲ್ಲ ಯಾರಾದರೂ ಬಂದು "ಒಸಿ ಸರ್ಕೊಳಕ್ಕಾ" ಎನ್ನುತ್ತಿದ್ದರು. ಅವಳು ಸರಿದುಕೊಳ್ಳುತ್ತಿದ್ದಳು.

ನನ್ನ ಜೊತೆ ಬಂದು ಇರು ಎಂದು ಕರೆದಾಗ ಅವಳು ತಕ್ಷಣ ಹೂಂ ಅನ್ನಲಿಲ್ಲ.

"ಮನೆ ಮುಗೀಲಿ. ಕುಂತು ನೋಡ್ತೀನಿ. ಮನಸಿಗೆ ಬಂದ್ರೆ ಇರ್ತೀನಿ ಕಣೇ. ಇಲ್ದಿದ್ರೆ ಮಠದೋರ ವೃದ್ಧಾಶ್ರಮದಾಗೆ ಒಂದು ಮಂಚ ಖಾಲಿ ಐತಂತೆ, ಹೇಳಿಟ್ಟಿದೀನಿ."

ನಾನು ನಕ್ಕೆ. ಒಳಗೆ ಗಾಬರಿಯಾಯಿತು. ಆ ಏರಿನ ಮೇಲೆ, ಆ ಸದ್ದುಗಳ ಮಧ್ಯೆ, ಒಬ್ಬಳೇ ಇರುವ ಧೈರ್ಯ ನನಗಿರಲಿಲ್ಲ. ಅಕ್ಕನಿಗೆ ಆ ಮನೆ ಮನಸ್ಸಿಗೆ ಬರಲೇಬೇಕಿತ್ತು. ಹಾಗಾಗಿ ಡಿಸೈನರನ್ನು ಕರೆಸಿದೆ.

ಆಕೆ ಹಾಸನದ ಹುಡುಗಿ, ಬೆಂಗಳೂರಿನಲ್ಲಿ ಓದಿ ಬಂದವಳು. ಸಕಲೇಶಪುರದ ಸುತ್ತ ಹೋಂಸ್ಟೇಗಳನ್ನು ಮಾಡಿ ಹೆಸರು ಮಾಡಿದ್ದಳು. ಬಂದವಳೇ ಟೈಲ್ಸ್, ವಾರ್ಡ್‌ರೋಬ್ ಎಂದು ಶುರುಮಾಡುತ್ತಾಳೆ ಅಂದುಕೊಂಡಿದ್ದೆ. ಬರಿಯ ಸಿಮೆಂಟ್ ನೆಲದ ಮೇಲೆ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಟ್ಯಾಬ್ ಹಿಡಿದುಕೊಂಡು, ಹೆತ್ತ ತಾಯಿಯೂ ಕೇಳದಂಥ ಪ್ರಶ್ನೆಗಳನ್ನು ಕೇಳಿದಳು. ಮೊದಲು ಯಾರು ಏಳುತ್ತೀರಿ? ಎದ್ದವರು ಎಲ್ಲಿ ಹೋಗಿ ನಿಲ್ಲುತ್ತೀರಿ? ಮಲಗುವಾಗ ಬಾಗಿಲು ಹಾಕಿಕೊಳ್ಳುತ್ತೀರೋ ತೆಗೆದಿರುತ್ತೀರೋ? ಕನ್ನಡಕ ಬಿಚ್ಚಿ ಎಲ್ಲಿಡುತ್ತೀರಿ? ಇದಕ್ಕೆ ಅವರಲ್ಲಿ ಬ್ರೀಫ್ ಎನ್ನುತ್ತಾರೆ. ಉತ್ತರ ಕೊಡುತ್ತಾ ಹೋದ ಹಾಗೆ, ಒಬ್ಬ ಅಪರಿಚಿತಳು ನಮ್ಮ ಮುಂದಿನ ಬದುಕನ್ನು ನಮಗಿಂತ ಮೊದಲು ನೋಡಿ ಬರುತ್ತಿದ್ದಾಳೆ ಎನ್ನಿಸಿತು.

ನಾನು ಬೆಳಕು, ಗಾಳಿ, ಪುಸ್ತಕದ ಶೆಲ್ಫ್ ಎಂದೆಲ್ಲ ಉದ್ದ ಹೇಳಿದೆ. ಆಮೇಲೆ ಅವಳು ಅಕ್ಕನ ಕಡೆ ತಿರುಗಿದಳು.

"ಅಜ್ಜಿ, ನಿಮಗೆ ಹೇಗಿರಬೇಕು?"

"ಇವಳು ಆಂಟಿ, ನಾನು ಅಜ್ಜೀನಾ? ನಮ್ಮಿಬ್ರಿಗೂ ಅಂಥ ಎಚ್ಚು ಕಮ್ಮಿ ಇಲ್ಲ ಕಣವ್ವಾ. ಇವಳು ತಲೆಗೆ ಬಣ್ಣ ಬಳ್ಕೋತಾಳೆ, ಅದ್ಕೇ."

ಡಿಸೈನರ್ ನಗು ತಡೆದುಕೊಂಡು ಮತ್ತೆ ಕೇಳಿದಳು. "ಹೇಳಿ ಅಜ್ಜಿ. ಮನೇಲಿ ನಿಮಗೆ ಅಂತಾನೇ ಒಂದು ಜಾಗ ಮಾಡೋದಾದ್ರೆ ಅದು ಹೇಗಿರಬೇಕು?"

ಅಕ್ಕ ಕೂತಲ್ಲೇ ಯೋಚಿಸಿದಳು. ಅವಳನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಬೆನ್ನಿಗೆ ಗೋಡೆ ಇರ್ಬೇಕು. ಎಡಕ್ಕೂ ಬಲಕ್ಕೂ ಇರ್ಬೇಕು. ಗಾಳಿ ಬೀಸ್ಬಾರ್ದು. ಕಾಲು ಮಡ್ಚಿ ಕುಂತ್ರೆ ನನ್ ಮಟ್ಟಕ್ಕೆ ಸರಿಹೋದ್ರೆ ಸಾಕು, ಜಾಸ್ತಿ ಬ್ಯಾಡ. ಇನ್ನೊಬ್ರು ಕುಂತ್ಕಳಾಕೆ ಜಾಗ ಇರ್ಬಾರ್ದು. ಇದ್ರೆ ಬಂದು ಸರ್ಕೋ ಅಂತಾರೆ."

"ಸೋ ಕೋಝಿ!" ಎಂದಳು ಹುಡುಗಿ. ಚೀಲದಿಂದ ಒಂದು ಪುಟ್ಟ ಯಂತ್ರ ತೆಗೆದಳು, ಕೆಂಪು ಚುಕ್ಕಿ ಬಿಟ್ಟು ಅಳತೆ ಹೇಳುವಂಥದ್ದು. ಅಕ್ಕ ನೆಲದ ಮೇಲೆ ಪದ್ಮಾಸನ ಹಾಕಿ ಕೂತಳು. ಹುಡುಗಿ ಮಂಡಿಯಿಂದ ಮಂಡಿಗೆ, ನೆಲದಿಂದ ನೆತ್ತಿಗೆ, ಬೆನ್ನಿನಿಂದ ಪಾದದ ತುದಿಗೆ ಅಳತೆ ಹಿಡಿದಳು. ಆ ಕೆಂಪು ಚುಕ್ಕಿ ಒಂದು ಕ್ಷಣ ಅಕ್ಕನ ಹಣೆಯ ವಿಭೂತಿಯ ನಡುವೆ ನಿಂತಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಕೆಳಗೆ ಗೂಡ್ಸ್ ರೈಲೊಂದು ಹಾದುಹೋಗುತ್ತಿತ್ತು. ಅದರ ನಡುಕ ಸಿಮೆಂಟಿನ ಮೂಲಕ ನನ್ನ ಕಾಲಿಗೆ ಬಂತು. ಅಳತೆ ಮುಗಿದ ಮೇಲೂ ಅಕ್ಕ ತುಸು ಹೊತ್ತು ಹಾಗೇ ಕೂತಿದ್ದಳು.

ಆಮೇಲೆ ಬರುವುದು ಮೂಡ್ ಬೋರ್ಡ್: ಬಟ್ಟೆಯ ತುಂಡು, ಮರದ ಚೂರು, ಪ್ಲಾಸ್ಟರಿನ ಸ್ಯಾಂಪಲ್ಲುಗಳನ್ನೆಲ್ಲ ಅಂಟಿಸಿದ ಹಲಗೆ. ಅದಾದ ಮೇಲೆ ಥ್ರೀ-ಡಿ ಚಿತ್ರಗಳು. ಹಾಲ್‌ನ ಒಳಗೋಡೆಯನ್ನು ದಪ್ಪ ಮಾಡಿ, ಅದರೊಳಗೆ ಕಮಾನಿನ ತಲೆಯ ಒಂದು ಗೂಡು ಕೊರೆದಿದ್ದಳು. ನೆಲದಿಂದ ಒಂದು ಮೆಟ್ಟಿಲಿನಷ್ಟು ಎತ್ತರ, ಹಿಂದೆ ದುಂಡಗಿನ ಗೋಡೆ, ಸಾಸಿವೆ ಬಣ್ಣದ ದಿಂಬು, ಮೇಲಿನಿಂದ ಇಳಿಯುವ ಹಳದಿ ಬೆಳಕು. 'ರೀಡಿಂಗ್ ನೂಕ್' ಎಂದು ಕೆಳಗೆ ಬರೆದಿತ್ತು. ನನಗೆ ಕಂಡದ್ದು ನಮ್ಮ ಕಾನ್ವೆಂಟಿನ ಚಾಪೆಲ್. ಅಲ್ಲಿ ಪಕ್ಕದ ಗೋಡೆಯಲ್ಲಿ ಇಂಥದೇ ಆಲ್ಕೋವ್ ಇತ್ತು, ಒಳಗೆ ನೀಲಿ ಮೇಲುಹೊದಿಕೆಯ ಮಾತೆ, ಮುಂದೆ ಮೇಣದ ಬತ್ತಿ. ಹೌ ಲವ್ಲಿ, ಎಂದೆ.

ಅಕ್ಕ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಗೂಡಿನೊಳಗೆ ಬಿಳಿ ಕೂದಲಿನ ಹೆಂಗಸೊಬ್ಬಳನ್ನು ಕೂರಿಸಿದ್ದರು. ಮುಖ ಅತ್ತ ತಿರುಗಿತ್ತು.

"ಇದು ಯಾರು ಮಗಾ?"

"ಯಾರೂ ಅಲ್ಲ ಅಜ್ಜಿ. ಸೈಜ್ ಗೊತ್ತಾಗ್ಲಿ ಅಂತ ಹಾಕೋದು. ಕಂಪ್ಯೂಟರಲ್ಲೇ ಸಿಗ್ತಾರೆ."

"ಬದ್ಕಿರೋರಾ?"

ಹುಡುಗಿ ನಕ್ಕಳು. ಅಕ್ಕನೂ ನಕ್ಕಳು. ನಾನು ಡ್ರಾಯಿಂಗಿಗೆ ಸೈನ್ ಹಾಕಿದೆ. ಸೈನ್ ಆದ ಮೇಲೆ ಅದು ಫ್ರೀಜ್ ಆದಂತೆ; ಏನು ಬದಲಾಯಿಸಿದರೂ ಸರಪಳಿಯ ಹಾಗೆ ಇನ್ನೊಂದು ಬದಲಾಗುತ್ತದೆ ಎಂದು ಅವಳು ಮೊದಲೇ ಎಚ್ಚರಿಸಿದ್ದಳು.

ಕೆಲಸಕ್ಕೆ ಬಂದವರು ದೂರದ ಸೀಮೆಯವರು. ನಮ್ಮ ಮಾತು ಅವರಿಗೆ ತಿಳಿಯದು, ಅವರದು ನಮಗೆ. ಗ್ರೈಂಡರಿನ ಸದ್ದು, ಮರದ ಹೊಟ್ಟು, ಇವತ್ತು ಬರಬೇಕಿದ್ದ ಪ್ಲೈವುಡ್ ಶಿರಾಡಿಯಲ್ಲಿ ಸಿಕ್ಕಿಬಿದ್ದ ಲಾರಿಯಲ್ಲಿ. ಇದೆಲ್ಲ ಎಲ್ಲರ ಮನೆಯಲ್ಲೂ ಆಗುವಂಥದ್ದು. ಗೂಡಿಗೆ ಲೈಮ್ ಪ್ಲಾಸ್ಟರ್, ಸುಣ್ಣವನ್ನು ಪದರ ಪದರವಾಗಿ ಬಳಿದು ಕಲ್ಲಿನಿಂದ ತಿಕ್ಕುವ ಕೆಲಸ. ಬಣ್ಣ ಆರಿಸಿದವಳು ಅಕ್ಕ. ಹಲಗೆಯ ಮೇಲಿನ ಅಷ್ಟೂ ಸ್ಯಾಂಪಲ್ಲುಗಳಲ್ಲಿ ಬೂದಿ ಬೆರೆತ ಬಿಳಿಯ ಮೇಲೆ ಬೆರಳಿಟ್ಟಳು. ಪ್ಲಾಸ್ಟರ್ ಹಸಿಯಿದ್ದ ದಿನ ನಾನು ಒಳಗೆ ಹೋದೆ. ಹಸಿ ಸುಣ್ಣ, ಹಸಿ ಮಣ್ಣಿನ ವಾಸನೆ. ಇದ್ದಕ್ಕಿದ್ದ ಹಾಗೆ ಗಂಡನನ್ನು ಮಣ್ಣು ಮಾಡಿದ ದಿನ ನೆನಪಾಯಿತು. ವಯಸ್ಸಾದವರಿಗೆ ಅಳು ಯಾವ ಬಾಗಿಲಿನಿಂದಾದರೂ ಬರುತ್ತದೆ ಎಂದುಕೊಂಡು ಹೊರಗೆ ಬಂದೆ.

ಕಿಟಕಿಗಳ ಪರದೆ, ಅಡಿಗೆಮನೆಯ ಕೆಲವು ಬಾಗಿಲು ಇನ್ನೂ ಬಾಕಿಯಿದ್ದಾಗಲೇ ಅಕ್ಕ ಒಂದು ಕೈಚೀಲ ಹಿಡಿದು ಬಂದಳು. ಬಟ್ಟೆಬರೆಯಿದ್ದ ಟ್ರಂಕು ತಮ್ಮನ ಮನೆಯಲ್ಲೇ. ಅವಳಿಗೆಂದು ಮಾಡಿಸಿದ ರೂಮನ್ನು ಬಾಗಿಲಲ್ಲೇ ನಿಂತು ನೋಡಿ, "ಚೆನ್ನಾಗೈತೆ" ಎಂದಳು. ಆಮೇಲೆ ನೇರ ಗೂಡಿಗೆ ಹೋಗಿ, ಕಾಲು ಮಡಚಿ ಕೂತು, ಬೆನ್ನು ಆನಿಸಿದಳು. ಅಚ್ಚಿನಲ್ಲಿ ಹೊಯ್ದ ಹಾಗೆ ಕೂತಿತು ಅವಳ ಮೈ. ಎರಡು ಕಡೆಯ ಗೋಡೆ ಮಂಡಿಗೆ ತಾಗೀ ತಾಗದ ಹಾಗೆ. ಕಮಾನು ನೆತ್ತಿಯ ಮೇಲೆ ಸರಿಯಾಗಿ.

"ಮನಸಿಗೆ ಬಂತಾ?" ಎಂದೆ.

"ಸುಮ್ಕಿರು. ಈಗ್ ತಾನೇ ಕುಂತಿದೀನಿ."

ಬೆಳಗಿನ ಲಿಂಗಪೂಜೆಯನ್ನು ಅವಳು ಅಲ್ಲೇ ಮಾಡತೊಡಗಿದಳು. ಹಣೆಗೆ, ತೋಳಿಗೆ ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣು ಮುಚ್ಚಿ. ಗೂಡಿನ ಹಿಂಗೋಡೆ ದುಂಡಗಿದ್ದುದರಿಂದ ಅವಳ ಮೆಲುದನಿ ಹಾಲ್ ದಾಟಿ ಅಡಿಗೆಮನೆಗೆ ಬರುತ್ತಿತ್ತು. ಒಲೆಯ ಮುಂದೆ ನಿಂತ ನನ್ನ ಕತ್ತಿನ ಹಿಂದೆಯೇ ಯಾರೋ ಉಸುರಿದ ಹಾಗೆ. ಮೊದಲ ದಿನ ಬೆಚ್ಚಿ ಚಮಚ ಬಿಟ್ಟೆ. ಡಿಸೈನರಿಗೆ ಫೋನ್ ಮಾಡಿದರೆ, "ಕರ್ವ್ ಇದೆಯಲ್ಲ ಆಂಟಿ, ಅಕೌಸ್ಟಿಕ್ಸ್ ಹಾಗೆ ಆಗುತ್ತೆ" ಎಂದಳು.

ತಮ್ಮನ ಹೆಂಡತಿ ಮನೆ ನೋಡಲು ಬಂದದ್ದು ಅಂಥದೊಂದು ಬೆಳಿಗ್ಗೆ. ಬಾಯಿ ಜೋರು, ಮನಸ್ಸು ಒಳ್ಳೆಯದು. ಗೇಟಿನಿಂದಲೇ ಶುರು. "ಏನ್ ಚಿಕ್ಕಕ್ಕಾ, ಮನೆ ಅಂದ್ರೆ ಹೋಟ್ಲು ಮಾಡಿಸ್ಬುಟ್ಟಿದೀರಾ! ಗೇಟ್ ಕಂಬಕ್ಕೂ ಲೈಟ್ ಇಡ್ಸಿದೀರಾ. ದೊಡ್ಡಕ್ಕ ಎಲ್ಲಿ?" ಎನ್ನುತ್ತಾ ಒಳಗೆ ನುಗ್ಗಿದಳು. ಹಾಲ್‌ನ ನಡುವೆ ಅವಳ ಮಾತು ನಿಂತಿತು.

ಅಕ್ಕ ಗೂಡಿನಲ್ಲಿ ಕೂತಿದ್ದಳು. ಕಣ್ಣು ಮುಚ್ಚಿತ್ತು. ಅಂಗೈಯಲ್ಲಿ ಲಿಂಗ, ಮಡಿಲಲ್ಲಿ ಉದುರಿದ ಬಿಲ್ವಪತ್ರೆ. ಹೊರಗೆ ಮಂಜು, ಒಳಗೆ ಮೇಲಿನಿಂದ ಇಳಿಯುವ ಆ ಬೆಳಕು.

ತಮ್ಮನ ಹೆಂಡತಿಯ ಸೆರಗು ತಾನಾಗಿಯೇ ಬಾಯಿಗೆ ಹೋಯಿತು. ಎರಡು ಹೆಜ್ಜೆ ಮುಂದೆ ಹೋಗಿ, ಬಗ್ಗಿ, ಅಕ್ಕನ ಪಾದ ಮುಟ್ಟಿ, ಕಣ್ಣಿಗೊತ್ತಿಕೊಂಡು, ಸಣ್ಣ ದನಿಯಲ್ಲಿ ಅಳಲು ಶುರುಮಾಡಿದಳು. ಅಕ್ಕ ಕಣ್ಣು ಬಿಟ್ಟಳು. "ಯಾಕೇ? ಯಾರಿಗೇನಾಯ್ತು?" ಎಂದಳು. ಆಕೆ ಚೀರಿ ಹಿಂದಕ್ಕೆ ಸರಿದು, ನನ್ನ ತೋಳು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಯಾವ್ ಪುಣ್ಯಾತ್ಮರು ಇದ್ನ ಕೊರ್ಸಿದ್ದು ಮನೆ ಒಳಗೆ? ನಿಮ್ಗೆ ಕಣ್ ಕಾಣಾಕಿಲ್ವಾ ಚಿಕ್ಕಕ್ಕಾ? ಅದು ಸಮಾಧಿ ಗೂಡಲ್ವಾ?"

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಪದ್ಮಾಸನದಲ್ಲಿ ಕೂರಿಸುತ್ತೇವೆ. ಅವರದೇ ಪಾದದ ಅಳತೆ ಹಿಡಿದು ಗುಂಡಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಆ ಗೂಡಿನೊಳಗೆ, ಎಡಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮುಚ್ಚುತ್ತೇವೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಗಂಡನನ್ನು ಹಾಗೆ ಕೂರಿಸಿದಾಗ ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ನಾನು ಅವರ ಮುಖ ನೋಡುತ್ತಿದ್ದೆ, ಗೂಡನ್ನು ನೋಡಿರಲಿಲ್ಲ. ಆಮೇಲೆ ಡಿಸೈನರ್ ಅದನ್ನು ಬರೆದು ತೋರಿಸಿದಾಗ, ಅದು ನನ್ನ ಕಣ್ಣಿಗೆ ಚಾಪೆಲಿನ ಮೂಲಕ ಬಂತು.

ಅವತ್ತಿನಿಂದ ನನಗೆ ಅದು ಬೇರೇನಾಗಿಯೂ ಕಾಣಲಿಲ್ಲ. ಸಾಸಿವೆ ಬಣ್ಣದ ದಿಂಬು ಬಂತು, ಅದನ್ನು ಇಟ್ಟೆ, ಇನ್ನೂ ಕೆಟ್ಟದಾಗಿ ಕಂಡಿತು. ಗಿಡದ ಕುಂಡ ಇಟ್ಟೆ. ಹೂವಿನ ಹಾರದ ಹಾಗೆ ಕಂಡಿತು. ಅಕ್ಕ ಪೂಜೆಗೆ ಕೂತಾಗ ಯಾವುದಾದರೂ ನೆಪದಲ್ಲಿ ಹೋಗಿ ಅವಳ ಸೆರಗು ಏರಿಳಿಯುತ್ತಿದೆಯೋ ಎಂದು ನೋಡುತ್ತಿದ್ದೆ. ಅವಳ ಉಸಿರು ಮೊದಲಿಗಿಂತ ನಿಧಾನವಾಗಿದೆ ಎನ್ನಿಸಿತು. ಕೂರುವ ಹೊತ್ತು ದಿನದಿನಕ್ಕೆ ಹೆಚ್ಚುತ್ತಿದೆ ಎನ್ನಿಸಿತು. ಊಟಕ್ಕೆ ಎದ್ದು ಬಂದರೂ ಅವಳ ಮೈಯಿಂದ ಸುಣ್ಣದ ತಣ್ಣನೆ ವಾಸನೆ ಬರುತ್ತಿತ್ತು.

ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಾ ಇದ್ದೆ. ಹಾಲ್‌ನಿಂದ ಅಕ್ಕನ ಉಸಿರು ಕೇಳಿಸುತ್ತಿತ್ತು, ಎಳೆದು ಬಿಡುವ, ಎಳೆದು ಬಿಡುವ ಆ ಸದ್ದು. ನನ್ನ ಕತ್ತಿನ ಹಿಂದೆಯೇ. "ಸಂಜೆಗೆ ಉಪ್ಪಿಟ್ಟು ಸಾಕಾ ಅಕ್ಕಾ?" ಎಂದು ಕೂಗಿದೆ. ಉಸಿರು ನಿಂತಿತು. "ಸಾಕು ಕಣೇ," ಎಂದಳು ಅಕ್ಕ, ಹಿತ್ತಿಲಿನಿಂದ. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅವಳು ಹೊರಗೆ ಒಗೆದ ಬಟ್ಟೆ ತೆಗೆಯುತ್ತಿದ್ದಳು. ಹಾಲ್‌ಗೆ ಹೋಗುವ ಧೈರ್ಯವಾಗಲಿಲ್ಲ. ಕೆಳಗೆ ಘಾಟಿಯಲ್ಲಿ ರೈಲು ಏರುತ್ತಿದ್ದಿರಬಹುದು. ಇಂಜಿನ್ನಿನ ಸದ್ದು ಆ ದುಂಡು ಗೋಡೆಗೆ ಬಡಿದು ಹಾಗೆ ಕೇಳಿಸಿರಬಹುದು. ಅಕೌಸ್ಟಿಕ್ಸ್. ಆ ಮಾತನ್ನು ಜಪದ ಹಾಗೆ ಹೇಳಿಕೊಂಡೆ. ಅಕ್ಕ ಬಟ್ಟೆ ಹೊತ್ತು ಒಳಗೆ ಬರುವ ತನಕ ಒಲೆಗೆ ಬೆನ್ನು ಕೊಟ್ಟು ನಿಂತಿದ್ದೆ.

ಮರುದಿನವೇ ಡಿಸೈನರಿಗೆ ಬರಹೇಳಿದೆ. ಅಡಿಗೆಮನೆಯಲ್ಲಿ ಕೂರಿಸಿಕೊಂಡು, ದನಿ ತಗ್ಗಿಸಿ, ಆ ಗೂಡಿಗೆ ಹಲಗೆ ಹೊಡೆದು ಬಾಗಿಲಿಟ್ಟು ಕಪಾಟು ಮಾಡಿಬಿಡು ಎಂದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಫ್ರೀಜ್ ಆದ ಡ್ರಾಯಿಂಗು, ಲೈಟಿಂಗ್ ವೈರ್ ಒಳಗೆ ಹೋಗಿದೆ, ಇಡೀ ಗೋಡೆ ಒಡೆಯಬೇಕಾಗುತ್ತೆ ಎಂದೆಲ್ಲ ಹೇಳಿದಳು. ಕಾರಣ ಹೇಳಿದೆ. ಅವಳ ಮನೆಯವರು ಸುಡುವ ಪದ್ಧತಿಯವರು; ಅವಳು ಅಂಥದೊಂದನ್ನು ಕಂಡೇ ಇರಲಿಲ್ಲ. ಕೇಳುತ್ತಾ ಕೇಳುತ್ತಾ ಅವಳ ಕೈಯಲ್ಲಿದ್ದ ಟ್ಯಾಬು ಮಡಿಲಿಗೆ ಇಳಿಯಿತು.

"ನಾನು ಅಜ್ಜೀನ ಕೂರಿಸಿ ಅಳತೆ ತಗೊಂಡ್ನಲ್ಲ ಆಂಟಿ," ಎಂದಳು ಮೆಲ್ಲಗೆ. "ಬೆನ್ನಿನ ಗೋಡೆ ಒಡೆದು ಕಿಟಕಿ ಇಡಿಸ್ಲಾ? ಆಗ ಅದು ಗೂಡು ಅನ್ನಿಸಲ್ಲ. ಆಚೆ ರೂಮಿಂದ ಬೆಳಕು ಬರುತ್ತೆ, ಗಾಳಿ ಬರುತ್ತೆ."

"ಯಾರ್ ಬೆನ್ನಿಗೆ ಗಾಳಿ?" ಎಂದಿತು ನಮ್ಮಿಬ್ಬರ ಕಿವಿಯ ಪಕ್ಕದಲ್ಲೇ ಒಂದು ದನಿ. ಅಕ್ಕ ಹಾಲ್‌ನ ಆ ತುದಿಯಲ್ಲಿ, ಗೂಡಿನಲ್ಲಿ ಕೂತಿದ್ದಳು. ನಾವು ಪಿಸುಗುಟ್ಟಿದ್ದೆಲ್ಲ ಅವಳಿಗೆ ಕೇಳಿಸಿತ್ತು.

ಹತ್ತಿರ ಹೋದೆವು. ಅವಳ ಕೋಪ ಹೇಗಿರುತ್ತದೆಂದು ನನಗೆ ಮರೆತೇಹೋಗಿತ್ತು. ಸರಿದುಕೊಂಡು ಬದುಕಿದವರಿಗೆ ಕೋಪಿಸಿಕೊಳ್ಳಲೂ ಜಾಗ ಬೇಕು ತಾನೆ.

"ಇದ್ನ ಮುಚ್ಚಿದ್ರೆ ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಟೆ ನಾನು. ಆಶ್ರಮದ ಮಂಚ ಇನ್ನೂ ಖಾಲಿ ಐತೆ."

"ಅಕ್ಕಾ, ಅದೇನು ಅಂತ ನಿನಗೆ..." ಮುಂದಿನದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ದೊಡ್ಡವರ ಎದುರು ಅದನ್ನು ಹೆಸರಿಟ್ಟು ಹೇಳುವುದಿಲ್ಲ ನಾವು.

"ನಂಗ್ ಗೊತ್ತಿರ್ಲಿಲ್ಲ ಅಂದ್ಕಂಡ್ಯಾ? ಈ ಮಗ ಕೆಂಪು ಚುಕ್ಕಿ ಬುಟ್ಟು ಅಳತೆ ಹಿಡಿದಾಗ್ಲೇ ಗೊತ್ತಾಯ್ತು. ಕಣ್ ಮುಚ್ಕಂಡು ನೋಡ್ದೆ, ಹೆಂಗಿರುತ್ತೆ ಅಂತ. ಚೆನ್ನಾಗಿತ್ತು."

"ಹಾಗಾದ್ರೆ ಯಾಕೆ ಬೇಡ ಅನ್ನಲಿಲ್ಲ?"

"ಯಾಕೆ ಅನ್ಲಿ? ನೀನು ಬಂಗ್ಲೇಲಿದ್ದೋಳು, ನಿಂಗೆ ತಿಳಿಯಾಕಿಲ್ಲ. ಒಬ್ಬರ ಮಂಚ, ಒಬ್ಬರ ಚಾಪೆ, ಒಬ್ಬರ ಹಳೇ ಚಪ್ಲಿ. ಯಾವ್ದೂ ನನ್ ಅಳತೇದಲ್ಲ. ಹೋದ್ಮೇಲಾದ್ರೂ ನನ್ ಪಾದ ಹಿಡ್ದು ಅಳೆದು, ನಂಗೇ ಅಂತ ಒಂದು ಜಾಗ ತೋಡ್ತಾರಲ್ಲ, ಅಲ್ಲಿ ಯಾರೂ ಸರ್ಕೋ ಅನ್ನಂಗಿಲ್ಲ ಅಂತ ಎಷ್ಟ್ ಸಲ ಅಂದ್ಕಂಡಿದೀನಿ ಗೊತ್ತಾ? ಅದ್ನ ನೀನು ಉಸಿರಿರೋವಾಗ್ಲೇ ಮಾಡ್ಸಿಕೊಟ್ಟೆ. ಈಗ ನಿಂಗ್ ಭಯ ಆಯ್ತು ಅಂತ ಕಿತ್ಕಂತೀಯಾ?"

ಡಿಸೈನರ್ ಕಣ್ಣು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಮುಚ್ಚಿಸಿದರೆ ಅಕ್ಕ ಹೋಗುತ್ತಾಳೆ. ಬಿಟ್ಟರೆ, ಅವಳು ಹೋದ ಮೇಲೆ ಹೇಗೆ ಕೂತಿರುತ್ತಾಳೆ ಎನ್ನುವುದನ್ನು ನಾನು ಪ್ರತಿ ಬೆಳಿಗ್ಗೆ ನೋಡಬೇಕು. ಸಂಜೆಯವರೆಗೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಕತ್ತಲಾಗುವ ಮುಂಚೆ ಒಳಗೆ ಬಂದು, "ಬಿಡು, ಹಾಗೇ ಇರಲಿ" ಎಂದೆ. ಅಕ್ಕ ಹೂಂ ಅನ್ನಲಿಲ್ಲ, ಇರ್ತೀನಿ ಅಂತಲೂ ಅನ್ನಲಿಲ್ಲ. ಇನ್ನೂ ಏನೋ ಬಾಕಿಯಿದೆ ಎನ್ನುವ ಹಾಗೆ ನನ್ನ ಮುಖ ನೋಡಿದಳು.

ಕೆಲಸ ಒಪ್ಪಿಸುವ ದಿನವನ್ನು ಹ್ಯಾಂಡೋವರ್ ಎನ್ನುತ್ತಾರೆ. ಯಾವ ಡ್ರಾಯರ್ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಪೇಂಟ್ ಎದ್ದಿದೆ, ಎಲ್ಲವನ್ನೂ ತೋರಿಸಿ ಸರಿಮಾಡಿಸಿಕೊಳ್ಳಬೇಕು. ಆಮೇಲೆ ಕರೆದರೆ ಬೇಗ ಬರುವುದಿಲ್ಲ. ಅದೆಲ್ಲ ಮುಗಿದ ಮೇಲೆ ಡಿಸೈನರ್ ಕ್ಯಾಮೆರಾ ತೆಗೆದಳು. ಅವರ ಪೋರ್ಟ್‌ಫೋಲಿಯೋಗೆ ಮನೆಯ ಫೋಟೋ ಬೇಕಾಗುತ್ತದೆ. ಅಡಿಗೆಮನೆ, ರೂಮುಗಳು, ಶೆಲ್ಫು ಎಲ್ಲ ಆದವು. ಗೂಡಿನ ಮುಂದೆ ಬಂದು ಅನುಮಾನಿಸುತ್ತಾ ನಿಂತಳು. ಅಕ್ಕ ಅಲ್ಲಿಯೇ ಕೂತಿದ್ದಳು.

"ಅಜ್ಜಿ, ಇದೊಂದು ಬೇಡ ಬಿಡಿ."

"ಯಾಕ್ ಬ್ಯಾಡ? ತೆಗಿ. ಇವಳ್ನೂ ಸೇರ್ಸಿ ತೆಗಿ." ನನ್ನನ್ನು ಕೈಮಾಡಿ ಕರೆದಳು.

ನಾನು ಇದ್ದಲ್ಲೇ ನಿಂತೆ. ನಮ್ಮಲ್ಲಿ ಹೋದವರನ್ನು ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಅಕ್ಕಪ‌ಕ್ಕದಲ್ಲಿ ಕೂತು ಒಂದು ಕೊನೆಯ ಫೋಟೋ ತೆಗೆಸುವ ರೂಢಿಯಿದೆ. ಈಗ ಕಡಿಮೆಯಾಗಿದೆ. ತಮ್ಮನ ಮನೆಯಲ್ಲಿ ಅಪ್ಪನ ಜೊತೆ ತೆಗೆಸಿದ್ದು ಇನ್ನೂ ಇದೆ. ಅದರಲ್ಲಿ ನಾವೆಲ್ಲರೂ ಕ್ಯಾಮೆರಾ ನೋಡುತ್ತಿದ್ದೇವೆ, ಅಪ್ಪನೊಬ್ಬರನ್ನು ಬಿಟ್ಟು.

"ಬಾರೇ," ಎಂದಳು ಅಕ್ಕ. ದನಿ ಈಗ ಮೆತ್ತಗಿತ್ತು. "ಇದು ಈಗ್ಲೇ ಆಗ್ಬುಡ್ಲಿ. ಆವತ್ತಿನ ಫೋಟೋದಾಗೆ ನೀನು ಪಕ್ಕದಾಗೆ ಕುಂತಿದೀಯೋ ಇಲ್ವೋ, ನಂಗೆ ಗೊತ್ತಾಗಾಕಿಲ್ಲ."

ಹೋದೆ. ಗೂಡಿನೊಳಗೆ ಇಬ್ಬರಿಗೆ ಜಾಗವಿಲ್ಲ. ಅದರ ಅಂಚಿಗೆ ಒರಗಿ, ನೆಲದ ಮೇಲೆ, ಅವಳ ಮಂಡಿಯ ಹತ್ತಿರ ಕೂತೆ. ಅಕ್ಕ ನನ್ನ ಹೆಗಲ ಮೇಲೆ ಕೈ ಇಟ್ಟಳು. ಆ ಕೈ ಎಷ್ಟು ಭಾರವಿತ್ತೆಂದರೆ ನಾನು ಉಸಿರು ಹಿಡಿದುಕೊಂಡೆ. ಕ್ಯಾಮೆರಾ ಸದ್ದಾಯಿತು.

"ಅಯ್ಯೋ ಆಂಟಿ, ನೀವು ಕಣ್ಣು ಮುಚ್ಚಿಬಿಟ್ರಿ," ಎಂದಳು ಹುಡುಗಿ, ಪರದೆ ನೋಡುತ್ತಾ. ನಮಗೂ ತೋರಿಸಿದಳು. ಅಕ್ಕ ಕಣ್ಣು ಪೂರಾ ತೆರೆದು, ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಳು. ಅವಳ ಕಾಲ ಬಳಿ, ತಲೆ ತುಸು ವಾಲಿಸಿ, ಕಣ್ಣು ಮುಚ್ಚಿ ಕೂತಿದ್ದವಳು ನಾನು. "ಇನ್ನೊಂದು ತೆಗೀತೀನಿ."

"ಬ್ಯಾಡ. ಇದೇ ಇರ್ಲಿ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮನ ಮನೆಗೆ ಫೋನ್ ಮಾಡೇ. ನನ್ ಟ್ರಂಕು ಕಳಿಸ್ಲಿ."

ಎದ್ದು ಫೋನ್ ಮಾಡಿದೆ. ಫೋನ್ ಎತ್ತಿದವಳು ತಮ್ಮನ ಹೆಂಡತಿ. ವಿಷಯ ತಿಳಿದು, ದನಿ ತಗ್ಗಿಸಿ ಕೇಳಿದಳು, "ಟ್ರಂಕ್ ಒಂದೇನಾ ಚಿಕ್ಕಕ್ಕಾ? ಹಾಸಿಗೇನೂ ಕಳಿಸ್ಬೇಕಾ, ಕೇಳಿ."

ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ಅಕ್ಕನನ್ನು ಕೇಳಿದೆ. ಅವಳು ಆಗಲೇ ಬೆನ್ನು ಆನಿಸಿ ಕಣ್ಣು ಮುಚ್ಚಿದ್ದಳು. ತುಟಿಯ ಕೊನೆಯಲ್ಲಿ ನಗು.

"ಬ್ಯಾಡ ಅನ್ನು. ಕುಂತ್ಕಂಡೇ ಇರ್ತಾಳಂತೆ ಅನ್ನು. ಒಸಿ ಹೆದರ್ಕಳ್ಲಿ."